ಗುಡುಗಮ್ಮ ಹೊಗಳಿದ ದಿನ

ಆ ಶಾಲೆಯ ಆಫೀಸಿನಲ್ಲಿ ಫೋನಿನ ಮುಂದೆ ಕೂರುವ ಹೆಂಗಸಿಗೆ ಮಕ್ಕಳು ಯಾವತ್ತೋ ಗುಡುಗಮ್ಮ ಅಂತ ಹೆಸರಿಟ್ಟಿದ್ದರು. ಇಟ್ಟವರು ಬೆಳೆದು, ಮದುವೆ ಮಾಡಿಕೊಂಡು, ತಮ್ಮ ಮಕ್ಕಳನ್ನೂ ಅದೇ ಶಾಲೆಗೆ ತಂದು ಸೇರಿಸಿ, ಹೆಸರನ್ನೂ ಜೊತೆಗೇ ದಾಟಿಸಿದ್ದರು. ಅದೇನು ಆಕೆಗೆ ಗೊತ್ತಿಲ್ಲದ ಗುಟ್ಟಲ್ಲ. "ನನಗೇನು ಕಿವಿ ಇಲ್ವೇನ್ರೋ? ಸದ್ಯ, ಮಿಂಚಮ್ಮ ಅಂತ ಇಡ್ಲಿಲ್ಲ. ಈ ಮೈ ಇಟ್ಕೊಂಡು ಮಿಂಚೋದು ಕಷ್ಟ" ಅಂತ ನಗುತ್ತಿದ್ದಳು. ಆ ನಗುವಿಗೂ ಕಿಟಕಿಯ ಗಾಜು ಅದುರುತ್ತಿತ್ತು.

ಹುಟ್ಟುವಾಗಲೇ ಆ ದನಿ ತಂದವಳಲ್ಲ ಅವಳು. ಮೀಸೆ ಚಿಗುರದ ಹುಡುಗರೂ ಲಂಗ ಬಿಡದ ಹುಡುಗಿಯರೂ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಬಟ್ಟೆ ಮಿಲ್ಲು ಸೇರಿದವಳು. ಮಗ್ಗಗಳ ಆ ಗದ್ದಲದಲ್ಲಿ ಪಕ್ಕದವಳಿಗೆ "ಸ್ವಲ್ಪ ಸರ್ಕೊಳ್ಳೇ" ಅನ್ನಬೇಕಾದರೂ ಹೊಟ್ಟೆಯಿಂದ ಕೂಗಬೇಕು. ಆಮೇಲೆ ಮಿಲ್ಲು ಮುಚ್ಚಿತು, ಮಗ್ಗಗಳು ಗುಜರಿಗೆ ಹೋದವು, ದನಿ ಮಾತ್ರ ಗಂಟಲಲ್ಲೇ ಉಳಿಯಿತು. ಶಾಲೆಯಲ್ಲಿ ಆಯಾ ಕೆಲಸ ಸಿಕ್ಕಿತು. ಒಂದು ದಿನ ಅವಳು ಆಟದ ಮೈದಾನದ ಈ ತುದಿಯಿಂದ ಆ ತುದಿಯ ಹುಡುಗನನ್ನು ಕರೆದದ್ದು ಆಗಿನ ದೊಡ್ಡ ಮೇಡಂ ಕಿವಿಗೆ ಬಿತ್ತು. "ಇವಳನ್ನ ಫೋನ್ ಹತ್ರ ಕೂರಿಸಿ. ಲೈನ್ ಹೋದ್ರೂ ಕೆಲಸ ನಿಲ್ಲಲ್ಲ" ಅಂದರಂತೆ. ಅವತ್ತು ಕೂತವಳು ಇವತ್ತಿಗೂ ಎದ್ದಿಲ್ಲ.

ಅವಳ ಕೆಲಸ ಇಷ್ಟೇ. ಟೀಚರುಗಳು ಹೇಳಿದ ದೂರನ್ನು ಮನೆಮನೆಗೆ ಮುಟ್ಟಿಸುವುದು. ಹೌದು, ದೂರು ಮಾತ್ರ! ಮಗು ಒಳ್ಳೇದು ಮಾಡಿದರೆ ಯಾರಾದರೂ ಫೋನು ಮಾಡುತ್ತಾರಾ? ಒಳ್ಳೇದು ತಾನೇ ನಡೆದುಕೊಂಡು ಮನೆಗೆ ಹೋಗುತ್ತೆ ಅನ್ನೋದು ಆ ಶಾಲೆಯ ನಂಬಿಕೆ. ಹಾಗಾಗಿ ಶಾಲೆಯ ನಂಬರು ಕಂಡರೆ ಸಾಕು, ಅಪ್ಪ ಅಮ್ಮಂದಿರ ಜೀವ ಬಾಯಿಗೆ ಬರುತ್ತಿತ್ತು. ಒಬ್ಬ ಕ್ಷೌರದಂಗಡಿಯವನಂತೂ ಆ ನಂಬರು ನೋಡಿದ ಗಾಬರಿಗೆ ಗಿರಾಕಿಯ ಅರ್ಧ ಮೀಸೆಯನ್ನೇ ಹಾರಿಸಿದ್ದ. ಆ ಗಿರಾಕಿಯ ಮಗನೂ ಅದೇ ಶಾಲೆಯವನಾದ್ದರಿಂದ ಜಗಳವಾಗಲಿಲ್ಲ, ಇಬ್ಬರೂ ಕೂತು ಸಮಾಧಾನ ಮಾಡಿಕೊಂಡರು.

"ನಾನೇನು ಸುಳ್ಳು ಹೇಳ್ತೀನಾ? ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ರಂತೆ" ಅಂತ ಗುಡುಗಮ್ಮ ಮನೆಯಲ್ಲಿ ಗಂಡನ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಗಂಡ ದರ್ಜಿ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಅವರದು ಮಾತು ಕಮ್ಮಿ. ಗುಂಡುಸೂಜಿ ಇಲ್ಲದಿದ್ದರೂ ಅವರಿಗೆ ಸರದಿ ಸಿಗುತ್ತಿರಲಿಲ್ಲ ಅನ್ನಿ, ಅದು ಬೇರೆ ವಿಷಯ.

ಕೊನೆಗೆ ಏನಾಯಿತೆಂದರೆ, ಜನ ಫೋನು ಎತ್ತುವುದನ್ನೇ ಬಿಟ್ಟರು. ಪೋಷಕರ ಸಭೆ ಕರೆದರೆ ಬಂದವರಿಗಿಂತ ಹಾಕಿದ ಕುರ್ಚಿಗಳೇ ಹೆಚ್ಚು. ಆಗ ಈಗಿನ ದೊಡ್ಡ ಮೇಡಂ, ಕನ್ನಡಕವನ್ನು ತಲೆ ಮೇಲಿಟ್ಟುಕೊಂಡು ಕನ್ನಡಕ ಹುಡುಕುವ ಒಳ್ಳೆಯ ಜೀವ, ಒಂದು ಕೃತಕ ಬುದ್ಧಿಮತ್ತೆಯ ವ್ಯವಸ್ಥೆ ತರಿಸಿದರು. ಟೀಚರು ಎರಡು ಮಾತು ಹೇಳಿದರೆ ಸಾಕು, ಅದು ಚಂದದ ಸಂದೇಶ ಕಟ್ಟುತ್ತೆ. ಬೇರೆ ಭಾಷೆಯ ಮನೆಯಾದರೆ ಅವರ ಭಾಷೆಯಲ್ಲೇ ಕಟ್ಟುತ್ತೆ. ಓದಲು ಪುರುಸೊತ್ತಿಲ್ಲದವರಿಗೆ ದನಿಯಲ್ಲೇ ಕಳಿಸುತ್ತೆ. ಯಾರ ದನಿ? ಎಲ್ಲರಿಗೂ ಪರಿಚಯದ ದನಿಯೇ ಇರಲಿ ಅಂತ ಗುಡುಗಮ್ಮನನ್ನು ಒಂದು ಮಧ್ಯಾಹ್ನ ಕೂರಿಸಿ, ಪುಟಗಟ್ಟಲೆ ಓದಿಸಿ, ಅವಳ ದನಿಯನ್ನೇ ಅದಕ್ಕೆ ಕಲಿಸಿದರು.

ಇದನ್ನೆಲ್ಲ ತಿಳಿಸಿ ಮನೆಗಳಿಗೆ ಒಂದು ಸುತ್ತೋಲೆಯೂ ಹೋಯಿತು. ಇನ್ನು ಮುಂದೆ ಶಾಲೆ ಎಲ್ಲರಿಗೂ ಅರ್ಥವಾಗುವಂತೆ ಮಾತಾಡುತ್ತದೆ ಅನ್ನುವುದನ್ನು ಯಾರಿಗೂ ಅರ್ಥವಾಗದ ಹಾಗೆ ಎರಡು ಪುಟ ಬರೆದಿದ್ದರು. ಪುಣ್ಯಾತ್ಮರು ಯಾರೂ ಓದಲಿಲ್ಲ.

ಗುಡುಗಮ್ಮ ಆ ಯಂತ್ರಕ್ಕೆ ಬೆಣ್ಣೆಬಾಯಿ ಅಂತ ಹೆಸರಿಟ್ಟಳು. ಅದರ ಮಾತು ಹಾಗೇ ಇತ್ತು. ಅವಳು "ಹೋಂವರ್ಕ್ ಇಲ್ಲ, ಮೂರನೇ ಸಲ" ಅಂದರೆ, ಅದು "ನಿಮ್ಮ ಮಗನಿಗೆ ಮನೆಗೆಲಸ ಮುಗಿಸಲು ಸ್ವಲ್ಪ ಪ್ರೋತ್ಸಾಹ ಬೇಕಿದೆ" ಅನ್ನುತ್ತಿತ್ತು. "ಪ್ರೋತ್ಸಾಹ ಅಲ್ಲ ಕಣಯ್ಯಾ, ಬೆನ್ನಿಗೆರಡು ಬೇಕಿದೆ!" ಅಂತ ಅವಳು ಪರದೆಗೆ ಗದರಿಸುವಳು. ಆದರೂ ಒಂದು ಮಾತು ಒಪ್ಪಲೇಬೇಕು. ದೂರದ ಸೀಮೆಯಿಂದ ಬಂದ ಒಬ್ಬ ಅಡುಗೆಯವನು ಎರಡು ವರ್ಷದಿಂದ ಗುಡುಗಮ್ಮ ಏನು ಹೇಳಿದರೂ "ಆಯ್ತು, ಆಯ್ತು" ಅನ್ನುತ್ತಿದ್ದ. ತನ್ನ ಭಾಷೆಯಲ್ಲಿ ಸಂದೇಶ ಹೋದ ದಿನ ಅವನೇ ಫೋನು ಮಾಡಿ ಮಗಳ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ. ಅಲ್ಲಿಯವರೆಗೆ ಅವನಿಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ ಅಂತ ಆಗಲೇ ತಿಳಿದದ್ದು. ಅವತ್ತು ಗುಡುಗಮ್ಮ ಬೆಣ್ಣೆಬಾಯಿಗೆ ಬೈಯಲಿಲ್ಲ.

ಈಗ ಗಿಣಿಯ ವಿಷಯಕ್ಕೆ ಬರೋಣ. ಗಿಣಿ ಐದನೇ ಕ್ಲಾಸಿನ ಹುಡುಗಿ. ಯಾರ ದನಿ ಕೇಳಿದರೂ ಹಾಗೇ ಮಾಡಿ ತೋರಿಸುತ್ತಾಳೆ, ಅದಕ್ಕೇ ಆ ಹೆಸರು. ಗಣಿತದ ಮೇಷ್ಟ್ರು ಪಾಠ ಶುರು ಮಾಡುವ ಮೊದಲು ಮೂರು ಥರ ಕೆಮ್ಮುತ್ತಾರೆ. ಅವರು ಒಂದು ಕೆಮ್ಮುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಉಳಿದ ಎರಡು ಕೆಮ್ಮು ಬರುತ್ತಿದ್ದವು. ದೊಡ್ಡ ಮೇಡಂ ದನಿಯಲ್ಲಿ "ಇವತ್ತು ಅರ್ಧ ದಿನ ರಜೆ" ಅಂದು ಒಂದು ಇಡೀ ಕ್ಲಾಸನ್ನು ಗೇಟಿನವರೆಗೆ ನಡೆಸಿದವಳು! ಪ್ರತಿ ಸಲವೂ ಟೀಚರು ದೂರು ಹೇಳುವರು, ಬೆಣ್ಣೆಬಾಯಿ ಬಂದ ಮೇಲೂ ಗಿಣಿಯ ಅಮ್ಮನಿಗೆ ಮಾತ್ರ ಗುಡುಗಮ್ಮ ತಾನೇ ಫೋನು ಮಾಡುವಳು.

ಗಿಣಿಯ ಅಮ್ಮ ಸಿಟಿ ಬಸ್ಸಿನ ಕಂಡಕ್ಟರು. ಗಂಡ ಲಾರಿ ಓಡಿಸುವವನು, ಮನೆಗೆ ಬಂದಾಗಲೇ ಬಂದ. ಕಂಡಕ್ಟರಮ್ಮ ಬಸ್ಸಿನಲ್ಲಿ ಫೋನು ಕಿವಿಗಿಟ್ಟರೆ ಗುಡುಗಮ್ಮನ ದನಿ ಹಿಂದಿನ ಸೀಟಿನವರೆಗೂ ಕೇಳುತ್ತಿತ್ತು. "ನಿಮ್ಮ ಮಗಳು ಇವತ್ತೂ..." ಅನ್ನುವಾಗ ಬಸ್ಸಿಗೆ ಬಸ್ಸೇ ಸುಮ್ಮನಾಗಿ ಕಿವಿ ನೆಟ್ಟಗೆ ಮಾಡುತ್ತಿತ್ತು. ಟಿಕೆಟ್ ಕೇಳಲು ಹೋದರೆ ಯಾರೋ "ಇವತ್ತೇನು ಮಾಡಿದ್ಲಮ್ಮಾ?" ಅಂತ ನಗುವರು. ಎಷ್ಟು ದಿನ ತಡೆದಾಳು ಆಕೆ? ಆ ವಾರ ಶಾಲೆಗೆ ಬಂದು ಟಿ.ಸಿ.ಗೆ ಅರ್ಜಿ ಕೊಟ್ಟೇಬಿಟ್ಟಳು. ಶನಿವಾರ ಟಿ.ಸಿ. ತೆಗೆದುಕೊಂಡು, ಮಗಳನ್ನು ದೂರದ ಊರಿನಲ್ಲಿರುವ ತನ್ನ ಅಕ್ಕನ ಮನೆಗೆ ಕಳಿಸುವುದು ಅಂತ ತೀರ್ಮಾನ. ಆ ದೊಡ್ಡಮ್ಮ ಕಣ್ಣಲ್ಲೇ ಮಕ್ಕಳನ್ನು ಕೂರಿಸುವವಳು. ಅಲ್ಲಿನ ಶಾಲೆಯೂ ಹಾಗೇ, ಉಸಿರೆತ್ತಿದರೆ ಹೊರಗೆ ನಿಲ್ಲಿಸುತ್ತಾರಂತೆ.

"ಅಲ್ಲಾದ್ರೂ ಬಾಯಿ ಮುಚ್ಕೊಂಡಿರೋದು ಕಲೀಲಿ" ಅಂದಳು ಕಂಡಕ್ಟರಮ್ಮ ಅರ್ಜಿ ಕೊಡುವಾಗ. ಹೇಳುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದನ್ನು ಗುಡುಗಮ್ಮ ನೋಡಿದಳು. ಒಳ್ಳೇದೇ ಆಯ್ತು, ಶಾಲೆಗೂ ನೆಮ್ಮದಿ ಅಂದುಕೊಂಡಳು. ಆದರೆ ಮಧ್ಯಾಹ್ನ ಊಟದ ಡಬ್ಬಿಯನ್ನು ಯಾಕೋ ಅರ್ಧಕ್ಕೇ ಮುಚ್ಚಿಟ್ಟಳು.

ಗುರುವಾರ ಗಿಣಿಯ ಮೇಲೆ ಇನ್ನೊಂದು ದೂರು ಬಂತು. ಆ ಕಣ್ಣೀರು ನೆನಪಾಗಿ ಗುಡುಗಮ್ಮ ಈ ಸಲ ತಾನು ಫೋನು ಮಾಡದೆ ಅದನ್ನು ಬೆಣ್ಣೆಬಾಯಿಗೆ ಹೇಳಿದಳು. ಅದು ಸಂದೇಶ ಕಟ್ಟುವ ಬದಲು ಪರದೆಯ ಮೇಲೆ ಒಂದು ಪ್ರಶ್ನೆ ಹಾಕಿತು: "ಈ ಮನೆಗೆ ಈ ವರ್ಷ ಶಾಲೆಯಿಂದ ಹೋದದ್ದೆಲ್ಲ ದೂರುಗಳೇ. ಈ ಮಗುವಿನ ಬಗ್ಗೆ ಹೇಳಬಹುದಾದ ಒಳ್ಳೆಯ ಸಂಗತಿ ಏನಾದರೂ ಇದೆಯೇ?"

"ನಿನಗ್ಯಾಕೋ ಅಧಿಕಪ್ರಸಂಗ?" ಅಂದಳು ಗುಡುಗಮ್ಮ. ಆಮೇಲೆ ಯೋಚಿಸಿದಳು. ಏನಿದೆ? ಮೆಟ್ಟಿಲ ಹತ್ತಿರ ಸಿಕ್ಕಿದ ಗಣಿತದ ಮೇಷ್ಟ್ರನ್ನು ಕೇಳಿದಳು. ಅವರು ಕೆಮ್ಮಿದರು, ಯೋಚಿಸಿದರು, ಮತ್ತೆ ಕೆಮ್ಮಿದರು. "ಕೆಮ್ಮು ಚೆನ್ನಾಗಿ ಕೆಮ್ತಾಳೆ" ಅಂದರು ಕೊನೆಗೆ, ನಗು ತಡೆಯಲಾರದೆ. ಪಾಪ, ಅವರೂ ಒಳ್ಳೆಯವರೇ.

ಅಷ್ಟರಲ್ಲಿ ಊಟದ ಬಿಡುವಾಯಿತು. ಗುಡುಗಮ್ಮ ಕುರ್ಚಿಯಲ್ಲಿ ಕೂತಿದ್ದಾಳೆ, ಬಾಯಿ ಮುಚ್ಚಿಕೊಂಡಿದ್ದಾಳೆ. ಆದರೆ ಹಿತ್ತಲಲ್ಲಿ ನೀರಿನ ನಲ್ಲಿಗಳ ಕಡೆಯಿಂದ ಅವಳದೇ ದನಿ ಕೇಳುತ್ತಿದೆ! "ಏಯ್! ನಿಮ್ಮಪ್ಪನ ಮನೆ ನಲ್ಲಿ ಏನೋ ಅದು? ಸಾಲಲ್ಲಿ ನಿಲ್ಲೋ! ಹೆಸರು ಬರೀಲಾ? ಫೋನ್ ಹಚ್ಚಲಾ ಮನೆಗೆ?"

ಇವತ್ತು ಕೈಗೆ ಸಿಕ್ಕಿದಳು ಅಂತ ಗುಡುಗಮ್ಮ ಎದ್ದವಳೇ ಮಂಡಿ ನೋವನ್ನೂ ಮರೆತು ದಾಪುಗಾಲು ಹಾಕಿಕೊಂಡು ಹೋಗಿ ಕಂಬದ ಮರೆಯಲ್ಲಿ ನಿಂತಳು. ನೋಡಿದರೆ ಗಿಣಿ ಸೊಂಟಕ್ಕೆ ಕೈಯಿಟ್ಟು, ಇಲ್ಲದ ಹೊಟ್ಟೆಯನ್ನು ಮುಂದೆ ಚಾಚಿ, ಮಂಡಿ ನೋವಿನವಳ ಹಾಗೆ ಬಲಗಾಲು ಎಳೆದುಕೊಂಡು ಆ ಕಡೆಯಿಂದ ಈ ಕಡೆ ಓಡಾಡುತ್ತಿದ್ದಾಳೆ. ಅರೆರೆ, ನಾನು ಹೀಗೆ ನಡೀತೀನಾ? ಬೈಯಲು ತೆರೆದ ಬಾಯಿ ತೆರೆದೇ ಉಳಿಯಿತು. ಆಮೇಲೆ ಉಳಿದದ್ದೂ ಕಂಡಿತು. ಚಿಕ್ಕವರನ್ನು ತಳ್ಳುತ್ತಿದ್ದ ಆರು ಏಳನೇ ಕ್ಲಾಸಿನ ದಾಂಡಿಗರು ಒಬ್ಬೊಬ್ಬರಾಗಿ ಹಿಂದೆ ಸರಿದು ಮೆತ್ತಗೆ ಸಾಲು ಹಿಡಿಯುತ್ತಿದ್ದಾರೆ. ಅವರೆಲ್ಲರ ಮುಂದೆ ಒಂದನೇ ಕ್ಲಾಸಿನ ಪುಟಾಣಿಗಳು. ಅದರಲ್ಲಿ ಅಳುತ್ತಿದ್ದ ಒಂದು, ಕೆನ್ನೆ ಮೇಲೆ ಇನ್ನೂ ಕಣ್ಣೀರಿದೆ, ಬಾಟಲಿ ತುಂಬಿಸಿಕೊಂಡು ಗಿಣಿಯ ಲಂಗಕ್ಕೆ ಮುಖ ಒರೆಸಿ ಓಡಿತು. ಸಾಲು ಕರಗುವಷ್ಟರಲ್ಲಿ ಬೆಲ್ಲು ಹೊಡೆಯಿತು. ಗಿಣಿ ತನ್ನ ಖಾಲಿ ಬಾಟಲಿ ನೋಡಿಕೊಂಡು, ಗುಡುಗಮ್ಮನ ದನಿಯಲ್ಲೇ "ನಿನಗೆ ನಾಳೆ ಕಣೇ" ಅಂತ ತನಗೆ ತಾನೇ ಹೇಳಿಕೊಂಡು ಕ್ಲಾಸಿಗೆ ಓಡಿದಳು.

ಗುಡುಗಮ್ಮ ಕಂಬ ಹಿಡಿದುಕೊಂಡು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ವರ್ಷದಿಂದ ಹಾಗೆ ನಕ್ಕಿರಲಿಲ್ಲ. ಆಫೀಸಿಗೆ ಬಂದು ಇನ್ನೂ ನಗುತ್ತಲೇ ಬೆಣ್ಣೆಬಾಯಿಗೆ ಎರಡು ಮಾತು ಹೇಳಿದಳು: "ಗಿಣಿ ನಲ್ಲಿ ಹತ್ರ ದೊಡ್ಡವರನ್ನ ಸಾಲು ನಿಲ್ಲಿಸಿದ್ಲು. ಚಿಕ್ಕವರಿಗೆ ನೀರು ಕೊಡಿಸಿದ್ಲು." ಅದು ಕಟ್ಟಿಕೊಟ್ಟದ್ದನ್ನು ಕಳಿಸುವ ಮುಂಚೆ ಕೇಳಬೇಕು ಅಂತ ನಿಯಮ. ಆದರೆ ಹೊರಗೆ ಯಾವನೋ ಒಬ್ಬ ಮಂಡಿ ತರಚಿಕೊಂಡು ಅಳುತ್ತಾ ಬಂದ. ಗುಡುಗಮ್ಮ ಕೇಳದೇ ಗುಂಡಿ ಒತ್ತಿ ಅವನ ಕಡೆ ಓಡಿದಳು.

ಅವತ್ತು ಸಂಜೆ ಅವಳು ಮನೆಯಲ್ಲೂ ಖುಷಿಯಾಗಿದ್ದಳು. ಗಂಡ ಹೊಲಿಯುತ್ತಿದ್ದ ಕೋಟು ನೋಡಿ "ತೋಳು ಎಷ್ಟು ಚೆನ್ನಾಗಿ ಕೂರಿಸಿದ್ದೀರಿ" ಅಂದಳು. ಗಂಡ ಬಾಯಿಂದ ಗುಂಡುಸೂಜಿಗಳನ್ನೆಲ್ಲ ಒಂದೊಂದಾಗಿ ತೆಗೆದಿಟ್ಟು, ಅವಳ ಮುಖ ನೋಡಿ, "ಡಾಕ್ಟರ್ ಹತ್ರ ಹೋಗಿದ್ಯಾ? ಏನಂದ್ರು? ಮುಚ್ಚಿಡಬೇಡ" ಅಂದರು. ಕೇಳಿ ಅವಳಿಗೆ ನಗು ಬಂತು. ಸ್ವಲ್ಪ ಹೊತ್ತಿನ ಮೇಲೆ ಅಷ್ಟಾಗಿ ನಗು ಬರಲಿಲ್ಲ.

ಶುಕ್ರವಾರ ಬೆಳಗ್ಗೆ ಮೊದಲ ಬೆಲ್ಲಿಗೂ ಮುಂಚೆ ಕಂಡಕ್ಟರಮ್ಮ ಆಫೀಸಿಗೆ ನುಗ್ಗಿದಳು. ಮೈ ಮೇಲೆ ಖಾಕಿ ಯೂನಿಫಾರಂ, ಹೆಗಲಲ್ಲಿ ಟಿಕೆಟ್ ಬ್ಯಾಗು, ಕೈಯಲ್ಲಿ ಗಿಣಿಯ ರಟ್ಟೆ. ಗಿಣಿ ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಮೇಡಂ, ಟಿ.ಸಿ. ನಾಳೆ ತನಕ ಯಾಕೆ, ಇವತ್ತೇ ಕೊಟ್ಬಿಡಿ. ಈ ಹುಡುಗಿ ನನ್ನ ತಲೆ ತಗ್ಗಿಸಿದ್ದು ಸಾಕು!"

"ಏನಾಯ್ತಮ್ಮಾ?"

"ಏನಾಯ್ತಾ? ನೀವಿಲ್ಲದಾಗ ಶಾಲೆ ಫೋನಿಗೆ ಕೈ ಹಾಕಿ, ನಿಮ್ಮ ದನಿ ಮಾಡಿ ನನಗೇ ಮೆಸೇಜ್ ಕಳಿಸಿದಾಳೆ! ದಿನಾ ಮನೇಲಿ ನಿಮ್ಮ ಥರ ಮಾತಾಡಿ ಅವರಪ್ಪನ್ನ ನಗಿಸ್ತಾಳೆ, ಇರಲಿ ಅಂತ ಬಿಟ್ಟಿದ್ದೆ. ಈಗ ನೋಡಿ, ತನ್ನನ್ನ ತಾನೇ ಹೊಗಳ್ಕೊಂಡು..."

"ನಾನಲ್ಲಮ್ಮಾ, ಆಣೆ ನಾನಲ್ಲ" ಅಂತ ಗಿಣಿ ಬಿಕ್ಕಿದಳು.

"ಬಾಯಿ ಮುಚ್ಚು! ಕೇಳಿ ಮೇಡಂ ನೀವೇ." ಕಂಡಕ್ಟರಮ್ಮ ಫೋನು ತೆಗೆದು ಒತ್ತಿದಳು.

ಗುಡುಗಮ್ಮನ ದನಿ ಬಂತು. ದನಿ ಅವಳದೇ, ಸಂದೇಹವಿಲ್ಲ. "ಪ್ರೀತಿಯ ಪೋಷಕರೇ, ನಮಸ್ಕಾರ. ನಿಮ್ಮ ಮಗಳು ಇಂದು ಅತ್ಯುತ್ತಮ ನಾಯಕತ್ವ ಗುಣವನ್ನು ಪ್ರದರ್ಶಿಸಿ ಕಿರಿಯರಿಗೆ ಸ್ಫೂರ್ತಿಯಾಗಿದ್ದಾಳೆ ಎಂದು ತಿಳಿಸಲು ಹರ್ಷಿಸುತ್ತೇವೆ. ಇಂತಹ ಮಗಳನ್ನು ಪಡೆದ ನಿಮಗೆ ಅಭಿನಂದನೆಗಳು."

ಗುಡುಗಮ್ಮ ಬೆಪ್ಪಾಗಿ ನಿಂತಳು. ಹಾಳು ಬೆಣ್ಣೆಬಾಯಿ! ನಲ್ಲಿ ಎಲ್ಲಿ, ನೀರು ಎಲ್ಲಿ, ಅಳುತ್ತಿದ್ದ ಪುಟಾಣಿ ಎಲ್ಲಿ? ಹರ್ಷಿಸುತ್ತೇವೆ ಅಂತೆ!

"ನೀವೇ ಹೇಳಿ ಮೇಡಂ" ಅಂದಳು ಕಂಡಕ್ಟರಮ್ಮ. "ನೀವು ಯಾವತ್ತಾದ್ರೂ ಹೀಗೆ ಮಾತಾಡಿದೀರಾ? ಇದು ನಿಮ್ಮ ಮಾತಾ?"

ಗಿಣಿ ತಲೆಯೆತ್ತಿ ಗುಡುಗಮ್ಮನನ್ನೇ ನೋಡಿದಳು. ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಸುಳ್ಳಾಡದ ಬಾಯಿ ಅದು.

"ಅಲ್ಲ. ಇದು ನನ್ನ ಮಾತಲ್ಲ" ಅಂದಳು ಗುಡುಗಮ್ಮ.

ಗಿಣಿಯ ಮುಖ ಬಾಡಿಹೋಯಿತು. ಕಂಡಕ್ಟರಮ್ಮ "ನೋಡಿದ್ಯಾ?" ಅಂತ ಮಗಳ ರಟ್ಟೆ ಜಗ್ಗಿದಳು.

"ಬಿಡೇ ಅವಳನ್ನ! ಕೂತ್ಕೋ!"

ಮಿಲ್ಲಿನ ದನಿ ಅದು. ಮೈದಾನದಲ್ಲಿದ್ದ ಮಕ್ಕಳೂ ನಿಂತಲ್ಲೇ ನಿಂತರು. ಕಂಡಕ್ಟರಮ್ಮ ಟಿಕೆಟ್ ಬ್ಯಾಗಿನ ಸಮೇತ ಕುರ್ಚಿಗೆ ಕುಸಿದಳು.

"ಆ ಮೆಸೇಜ್ ಮಾಡಿದ್ದು ಇವಳಲ್ಲ, ಈ ಪೆಟ್ಟಿಗೆ. ನನ್ನ ದನಿ ಕಲಿಸಿದಾರೆ ಇದಕ್ಕೆ, ಮಾತು ಇದರದ್ದೇ. ಈಗ ನನ್ನ ಮಾತು ಕೇಳು. ನಿನ್ನ ಮಗಳು ತರಲೆ. ಅದರಲ್ಲಿ ಎರಡು ಮಾತಿಲ್ಲ. ಮೇಷ್ಟ್ರ ಕೆಮ್ಮು ಕೆಮ್ತಾಳೆ, ನನ್ನ ಕುಂಟು ಕುಂಟ್ತಾಳೆ. ಆದ್ರೆ ನಿನ್ನೆ ನಲ್ಲಿ ಹತ್ರ ದೊಡ್ಡ ಹುಡುಗರು ಚಿಕ್ಕವರನ್ನ ತಳ್ತಿದ್ರು. ಒಂದನೇ ಕ್ಲಾಸಿನ ಕೂಸೊಂದು ಬಾಟ್ಲಿ ಹಿಡ್ಕೊಂಡು ಅಳ್ತಿತ್ತು. ನಿನ್ನ ಮಗಳು ನನ್ನ ದನೀಲಿ ಗದರಿಸಿ ಆ ಕೋಣಗಳನ್ನೆಲ್ಲ ಸಾಲು ನಿಲ್ಲಿಸಿದ್ಲು. ಚಿಕ್ಕವರು ಮುಂದೆ, ತಾನು ಕೊನೇಲಿ. ಬೆಲ್ ಆಯ್ತು, ಇವಳಿಗೆ ನೀರೇ ಸಿಗ್ಲಿಲ್ಲ. ಯಾರೂ ಹೇಳಿ ಮಾಡಿಸಿದ್ದಲ್ಲ, ಯಾರಾದ್ರೂ ನೋಡ್ತಾರೆ ಅಂತ ಮಾಡಿದ್ದೂ ಅಲ್ಲ. ನಾನು ಕಂಬದ ಹಿಂದೆ ನಿಂತು ನನ್ನ ಕಣ್ಣಾರೆ ನೋಡಿದೀನಿ. ಇಷ್ಟು ವರ್ಷ ಈ ಶಾಲೇಲಿ ಕೂಗಿದೀನಿ ಕಣಮ್ಮಾ. ನನ್ನ ಕೂಗಿಂದ ಒಂದು ಮಗು ಅಳು ನಿಲ್ಲಿಸಿದ್ದು ನಿನ್ನೇನೇ ಮೊದಲು. ಅದೂ ನಾನು ಕೂಗಿದ್ದಲ್ಲ, ಇವಳು ಕೂಗಿದ್ದು. ಇಂಥವಳನ್ನ ಬಾಯಿ ಮುಚ್ಚಿಸೋಕೆ ಅಂತ ಊರು ಬಿಡಿಸ್ತೀಯಾ? ಬುದ್ಧಿ ಇದೆಯಾ ನಿನಗೆ?"

ಹೀಗೆ ಬೈಯುತ್ತಾ ಹೊಗಳಿದ್ದನ್ನು ಆ ಶಾಲೆ ಅದುವರೆಗೆ ಕೇಳಿರಲಿಲ್ಲ. ದೊಡ್ಡ ಮೇಡಂ ತಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ತಲೆ ಮೇಲಿನ ಕನ್ನಡಕವನ್ನು ಇಳಿಸಿ, ಒರೆಸಿ, ಮತ್ತೆ ತಲೆ ಮೇಲೇ ಇಟ್ಟುಕೊಂಡರು.

ಕಂಡಕ್ಟರಮ್ಮ ಹೆಗಲಿನ ಟಿಕೆಟ್ ಬ್ಯಾಗನ್ನು ಮಡಿಲಿಗೆ ಇಳಿಸಿಕೊಂಡಳು. ಕೈಯಲ್ಲಿದ್ದ ಫೋನನ್ನು ತಿರುಗಿಸುತ್ತಾ ಕೂತಳು.

"ನಿಜಾನಾ ಮೇಡಂ?"

"ನಾನು ಯಾವತ್ತಾದ್ರೂ ನಿನ್ನ ಮನಸ್ಸಿಗೆ ಹಿತ ಆಗ್ಲಿ ಅಂತ ಮಾತಾಡಿದೀನಾ?"

"ಇಲ್ಲ" ಅಂದಳು ಕಂಡಕ್ಟರಮ್ಮ. ಅಳುತ್ತಿದ್ದಳು, ಜೊತೆಗೆ ನಗುತ್ತಲೂ ಇದ್ದಳು. "ನಿನ್ನೆ ಬಸ್ಸಲ್ಲಿ ಆ ಮೆಸೇಜ್ ಕೇಳಿದಾಗ ನನಗೆ ಏನನ್ನಿಸ್ತು ಗೊತ್ತಾ ಮೇಡಂ? ಸಿಟ್ಟು ಆಮೇಲೆ ಬಂತು. ಮೊದಲು ಅಯ್ಯೋ ಪಾಪ ಅನ್ನಿಸ್ತು. ಐದು ವರ್ಷದಿಂದ ಈ ಮಗೂಗೆ ಯಾರೂ ಒಂದು ಒಳ್ಳೆ ಮಾತು ಹೇಳಿಲ್ಲ. ನಾನೂ ಹೇಳಿಲ್ಲ. ಅದಕ್ಕೇ ಪಾಪ, ತಾನೇ ಹೇಳ್ಕೊಂಡಿದೆ ಅಂದ್ಕೊಂಡೆ."

ಗುಡುಗಮ್ಮನಿಗೆ ಏನಾದರೂ ಹೇಳಬೇಕು ಅನ್ನಿಸಿತು. ಬಾಯಿ ತೆರೆದಳು, ದನಿ ಬರಲಿಲ್ಲ. ಮಗ್ಗದ ಸದ್ದಿನ ಮೇಲೂ ಕೇಳುತ್ತಿದ್ದ ದನಿ, ಒಂದು ಸಣ್ಣ ಆಫೀಸು ಕೋಣೆಯಲ್ಲಿ ಇದ್ದಕ್ಕಿದ್ದಂತೆ ಇಲ್ಲವಾಯಿತು. ಸುಮ್ಮನೆ ಹೋಗಿ, ಮೇಜಿನ ಮೇಲಿದ್ದ ತನ್ನ ನೀರಿನ ಬಾಟಲಿ ತಂದು ಗಿಣಿಯ ಕೈಗಿಟ್ಟಳು. ಗಿಣಿ ಗಟಗಟನೆ ಕುಡಿದು, ಕೈ ಹಿಂಬದಿಯಿಂದ ಬಾಯಿ ಒರೆಸಿಕೊಂಡು, ಅಮ್ಮನ ಮುಖ ನೋಡಿದಳು. ಆಮೇಲೆ ತನ್ನ ಸ್ವಂತ ದನಿಯಲ್ಲಿ, ಅದು ಇಷ್ಟು ಸಣ್ಣಗಿದೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕೇಳಿದಳು:

"ಅಮ್ಮಾ, ಅಂದ್ರೆ ನಾನು ದೊಡ್ಡಮ್ಮನ ಮನೆಗೆ ಹೋಗ್ಬೇಕಾ?"

ಹೊರಗೆ ಮೊದಲ ಬೆಲ್ಲು ಹೊಡೆಯಿತು.

"ಬೆಲ್ ಕೇಳಿಸ್ಲಿಲ್ವೇನೇ?" ಅಂದಳು ಅಮ್ಮ. "ಓಡು ಕ್ಲಾಸಿಗೆ."